4ಕೆ ಟಿವಿ, 4ಕೆ ಸ್ಟಿಕ್, ಆದರೂ ಸಿನಿಮಾ 1080ರಲ್ಲೇ! ಟಿವಿಯಲ್ಲಿ ಎಚ್‌ಡಿಸಿಪಿ ಇದೆಯಾ ಅಂತ ನೋಡೋದು ಹೇಗೆ?

ಕಾಫಿತೋಟ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2014ರಲ್ಲಿ ಕೊಂಡ 55 ಇಂಚಿನ 4ಕೆ ಟಿವಿ ಇದೆ. ದೊಡ್ಡ ಕಂಪನಿಯದ್ದೇ, ಹೆಸರು ಬೇಡ. ಪ್ಯಾನೆಲ್ ಇವತ್ತಿಗೂ ಚೆನ್ನಾಗಿದೆ, ಹಾಗಾಗಿ ಬದಲಾಯಿಸೋ ಮನಸ್ಸಿಲ್ಲ. ಒಳಗಿದ್ದ ಆ್ಯಪ್‌ಗಳು ಮಾತ್ರ ಹಳತಾಗಿ ಒಂದೊಂದೇ ನಿಂತುಹೋದವು. ಅದಕ್ಕೇ ಒಂದು 4ಕೆ ಸ್ಟ್ರೀಮಿಂಗ್ ಸ್ಟಿಕ್ ತಂದೆ.

ಸ್ಟಿಕ್ ಅನ್ನು ಎವಿ ರಿಸೀವರ್‌ಗೆ (ಸ್ಪೀಕರ್‌ಗಳನ್ನು ನಡೆಸೋ ಪೆಟ್ಟಿಗೆ) ಚುಚ್ಚಿದ್ದೀನಿ, ರಿಸೀವರ್‌ನಿಂದ ಟಿವಿಗೆ ಒಂದು ಕೇಬಲ್. ಮೆನು ಬರುತ್ತೆ, ಯೂಟ್ಯೂಬ್ ಬರುತ್ತೆ. ದುಡ್ಡು ಕಟ್ಟಿದ ಒಟಿಟಿಯಲ್ಲಿ ಮಾತ್ರ ಅಲ್ಟ್ರಾ ಎಚ್‌ಡಿ ಗುರುತೇ ಇಲ್ಲ. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 2160 ಆರಿಸಿದರೆ "ಈ ಟಿವಿ ಎಚ್‌ಡಿಸಿಪಿ 2.2ಗೆ ಹೊಂದಲ್ಲ" ಅನ್ನೋ ಥರದ ಸಂದೇಶ ಬರುತ್ತೆ. ಎಚ್‌ಡಿಸಿಪಿ ಅಂದರೆ ಸಿನಿಮಾ ನಕಲು ಮಾಡದಂತೆ ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗೋ ಚಿತ್ರಕ್ಕೆ ಹಾಕೋ ಬೀಗ ಅಂತೆ. ಕಸ್ಟಮರ್ ಕೇರ್‌ನವರು "ಹೊಸ ಟಿವಿ ತಗೊಳ್ಳಿ ಸರ್" ಅಂದರು. ನಿಜವಾಗ್ಲೂ ಟಿವಿಯದ್ದೇ ತಪ್ಪಾ? ಮನೆಯಲ್ಲೇ ಪರೀಕ್ಷೆ ಮಾಡೋ ದಾರಿ ಇದೆಯಾ?

ಎಸ್‌ಪಿರೋಡ್ ಗಿರಾಕಿ, ಬೆಂಗಳೂರು

ಕೇಬಲ್ ಬದಲಾಯಿಸಿ ಸರ್. "ಎಚ್‌ಡಿಸಿಪಿ 2.2" ಅಂತ ಡಬ್ಬದ ಮೇಲೇ ಬರೆದಿರೋ ಕೇಬಲ್ ಸಿಗುತ್ತೆ. ಎಸ್‌ಪಿ ರೋಡ್‌ನಲ್ಲಿ ಯಾವ ಅಂಗಡಿಗೆ ಹೋದರೂ ಕೊಡ್ತಾರೆ.

ತಂತಿಪುರಾಣ, ಮೈಸೂರು

ಗಿರಾಕಿಯವರೇ, ಮೊದಲು ಆ ಕೇಬಲ್ ವಿಷಯ ಮುಗಿಸಿಬಿಡೋಣ. ಎಚ್‌ಡಿಸಿಪಿ ವರ್ಷನ್ ಇರೋದು ಎರಡೂ ತುದಿಯ ಚಿಪ್‌ಗಳಲ್ಲಿ. ನಡುವಿನ ಸಾದಾ ತಾಮ್ರದ ಕೇಬಲ್‌ಗೆ ಅದರ ಗೊಡವೆಯೇ ಇಲ್ಲ. ಡಬ್ಬದ ಮೇಲಿನ ಬರಹ ಮಾರೋದಕ್ಕೆ ಅಷ್ಟೇ.

ಹಾಗಂತ ಕೇಬಲ್ ಲೆಕ್ಕಕ್ಕೇ ಬರಲ್ಲ ಅಂತಲ್ಲ. ಎಚ್‌ಡಿಎಂಐ ಕನೆಕ್ಟರ್‌ನಲ್ಲಿ 19 ಪಿನ್ ಇದೆ. ಚಿತ್ರ, ಶಬ್ದ ಹೋಗೋ ಜೋಡಿಗಳು ಬೇರೆ. 15 ಮತ್ತು 16ನೇ ಪಿನ್‌ಗಳಲ್ಲಿ ಎರಡು ಸಾಧನಗಳು ಪರಸ್ಪರ ಮಾತಾಡಿಕೊಳ್ಳುತ್ತವೆ. 18ರಲ್ಲಿ ಸ್ಟಿಕ್ ಕಡೆಯಿಂದ 5 ವೋಲ್ಟ್ ಬರುತ್ತೆ. ಟಿವಿ ಅದನ್ನು ಕಂಡು 19ನೇ ಪಿನ್‌ನಲ್ಲಿ "ನಾನಿದ್ದೀನಿ" ಅಂತ ಸೂಚನೆ ಕೊಡುತ್ತೆ. ಆಮೇಲೆ ಸ್ಟಿಕ್ ಟಿವಿಯ ಇಡಿಐಡಿ ಓದುತ್ತೆ, ಅಂದರೆ "ನಾನು ಇಂತಿಂಥ ರೆಸಲ್ಯೂಷನ್ ತೋರಿಸಬಲ್ಲೆ" ಅನ್ನೋ ಪಟ್ಟಿ.

ಇಲ್ಲಿ ಒಂದು ಮಾತು ಗಮನಿಸಿ. ಆ ಪಟ್ಟಿಯಲ್ಲಿ ಎಚ್‌ಡಿಸಿಪಿ ಬಗ್ಗೆ ಒಂದಕ್ಷರವೂ ಇರಲ್ಲ. ಅದನ್ನು ಸ್ಟಿಕ್ ಅದೇ ಎರಡು ಪಿನ್‌ಗಳ ಮೇಲೆ ಬೇರೆಯಾಗಿ ಕೇಳಬೇಕು. ಹಾಗಾಗಿ ಟಿವಿ "4ಕೆ, 60 ಹರ್ಟ್ಸ್, ಎಲ್ಲಾ ಆಗುತ್ತೆ" ಅಂತ ಹೇಳಿಯೂ ಎಚ್‌ಡಿಸಿಪಿ 2.2 ಪ್ರಶ್ನೆಗೆ ಸುಮ್ನೆ ಕೂರಬಹುದು. ಇಡಿಐಡಿ ಓದೋ ಆ್ಯಪ್ ಹಾಕಿ "ನನ್ನ ಟಿವಿ ಪಾಸು" ಅನ್ನೋರು ಇಲ್ಲೇ ಎಡವೋದು. ಕೇಬಲ್ ಉದ್ದ ಜಾಸ್ತಿಯಾಗಿ ಅಥವಾ ಪಿನ್ ಸಡಿಲವಾಗಿ 15, 16ರ ಮಾತುಕತೆ ಕೆಟ್ಟರೂ ಹೀಗೇ ಆಗುತ್ತೆ. ಮೆನು ಚೆನ್ನಾಗಿ ಬಂದು ಸಿನಿಮಾ ಹಾಕಿದ ಕೂಡಲೇ ಪರದೆ ಕಪ್ಪಾಗುತ್ತೆ.

ಈಗ ನಿಮ್ಮ ಕೇಸ್. ಎಚ್‌ಡಿಸಿಪಿ ಇಂಟೆಲ್‌ನವರ ಕೂಸು, 1.0 ಬಂದಿದ್ದು 2000ದಲ್ಲಿ. ಎಚ್‌ಡಿಎಂಐಗೆ 2.2 ಬಂದಿದ್ದು 2013ರ ಫೆಬ್ರವರಿಯಲ್ಲಿ. ಎಚ್‌ಡಿಎಂಐ 2.0 ಬಂದಿದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಆದರೆ 4ಕೆ ಟಿವಿಗಳು 2012ರಿಂದಲೇ ಮಾರುಕಟ್ಟೆಯಲ್ಲಿದ್ದವು. ಆ ಸಂಧಿಕಾಲದ ಟಿವಿಗಳು ಮೂರು ಥರ. ಕೆಲವಕ್ಕೆ 2.2 ಇಲ್ಲವೇ ಇಲ್ಲ. ಕೆಲವಕ್ಕೆ ಒಂದೇ ಒಂದು ಪೋರ್ಟ್‌ನಲ್ಲಿ ಇದೆ. ಕೆಲವಕ್ಕೆ ಎಲ್ಲದರಲ್ಲೂ ಇದೆ. ನಿಮ್ಮದು 2014ರದ್ದು ಅಂದ್ರಲ್ಲ, ಎರಡನೇ ಥರದ್ದಾಗಿರೋ ಸಾಧ್ಯತೆ ಇದೆ.

ಎಚ್‌ಡಿಎಂಐ 2.0 ಇದ್ದರೆ ಎಚ್‌ಡಿಸಿಪಿ 2.2 ಇದ್ದೇ ಇರುತ್ತೆ ಅಂದುಕೊಳ್ಳಬೇಡಿ. ಒಂದಕ್ಕೊಂದು ಸಂಬಂಧ ಇಲ್ಲ. ಒಂದು ಎಷ್ಟು ಡೇಟಾ ಹೋಗುತ್ತೆ ಅನ್ನೋದು, ಇನ್ನೊಂದು ಆ ಡೇಟಾಕ್ಕೆ ಬೀಗ ಹೇಗೆ ಅನ್ನೋದು.

ಪರೀಕ್ಷೆ ಹೀಗೆ ಮಾಡಿ. ರಿಸೀವರ್ ಅನ್ನು ಪೂರ್ತಿ ಬಿಟ್ಟುಬಿಡಿ. ಸ್ಟಿಕ್ ನೇರ ಟಿವಿಗೆ. ಟಿವಿಯ ಎಲ್ಲಾ ಎಚ್‌ಡಿಎಂಐ ಪೋರ್ಟ್‌ಗೂ ಒಂದೊಂದಾಗಿ ಹಾಕಿ. ಪ್ರತಿ ಸಲ ಸ್ಟಿಕ್‌ನ ಕರೆಂಟ್ ತೆಗೆದು ಮತ್ತೆ ಕೊಡಿ. ಸಿನಿಮಾ ಓಡುವಾಗ ಟಿವಿ ರಿಮೋಟ್‌ನಲ್ಲಿ ಇನ್ಫೋ ಒತ್ತಿ, 3840×2160 ಬರ್ತಿದೆಯಾ 1920×1080 ಬರ್ತಿದೆಯಾ ನೋಡಿ. ಪೋರ್ಟ್ ಪಕ್ಕದ ಸಣ್ಣ ಅಕ್ಷರಗಳನ್ನೂ ಟಾರ್ಚ್ ಹಿಡಿದು ಓದಿ. "ಎಚ್‌ಡಿಸಿಪಿ 2.2" ಅಂತ ಒಂದರ ಪಕ್ಕ ಮಾತ್ರ ಬರೆದಿದ್ದರೆ ಅದಕ್ಕೆ ಕಾರಣ ಇದೆ. ಹಿಂಬದಿಯ ಸ್ಟಿಕರ್‌ನಲ್ಲಿರೋ ಪೂರ್ತಿ ಮಾಡೆಲ್ ನಂಬರ್ ಹಾಕಿ ಮ್ಯಾನುಯಲ್‌ನ ಪಿಡಿಎಫ್ ಇಳಿಸಿಕೊಂಡು ಎಚ್‌ಡಿಸಿಪಿ ಪದ ಹುಡುಕಿ. ಮೊದಲೆರಡು ಅಕ್ಷರ ನೋಡಿ ಬಿಡಬೇಡಿ, ಕೊನೆಯ ಅಕ್ಷರ ಬದಲಾದರೆ ಒಳಗಿನ ಬೋರ್ಡ್ ಬೇರೆ ಇರಬಹುದು.

ಹುಬ್ಬಳ್ಳಿ ಮಿರ್ಚಿ

ದುಡ್ಡು ಕೊಟ್ಟು ನೋಡೋರಿಗೆ ಇಷ್ಟೆಲ್ಲಾ ತಲೆನೋವು. ಕದ್ದು ನೋಡೋರಿಗೆ ಯಾವ ಎಚ್‌ಡಿಸಿಪಿನೂ ಇಲ್ಲ, ಅಲ್ವೇನ್ರೀ? ಹೊಸ ಸಿನಿಮಾ ಬಂದ ದಿನಾನೇ ಟೆಲಿಗ್ರಾಂನಲ್ಲಿ ಇರುತ್ತೆ. ಈ ಬೀಗ ಯಾರಿಗೆ ಹಾಕ್ಯಾರ ಅಂತ?

ತಂತಿಪುರಾಣ, ಮೈಸೂರು

ಮಿರ್ಚಿಯವರೇ, ಒಪ್ಪೋ ಮಾತು. 1.x ಕಾಲದಲ್ಲಿ ಪ್ರತಿ ಸಾಧನಕ್ಕೂ 56 ಬಿಟ್‌ನ 40 ಕೀಲಿಗಳು. ಆ ಎಲ್ಲಾ ಕೀಲಿಗಳನ್ನೂ ಹುಟ್ಟಿಸೋ ಮೂಲ ಕೀಲಿ 2010ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್‌ಗೆ ಬಿತ್ತು. ಅದು ಅಸಲಿಯೇ ಅಂತ ಇಂಟೆಲ್‌ನವರೇ ಒಪ್ಪಿಕೊಂಡರು. 2.xನಲ್ಲಿ ಹಳೆಯ ಲೆಕ್ಕವನ್ನೆಲ್ಲ ಬಿಟ್ಟು ಆರ್‌ಎಸ್‌ಎ, ಎಇಎಸ್ 128 ಅನ್ನೋ ಗೂಢಲಿಪಿ ವಿಧಾನಗಳನ್ನು ಬಳಸಿ ಹೊಸದಾಗಿ ಕಟ್ಟಿದ್ದಾರೆ. ಹಾಗಾಗಿಯೇ ಹಳೆಯ ಟಿವಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು 2.2 ಮಾಡೋದು ಸಾಮಾನ್ಯವಾಗಿ ಆಗಲ್ಲ. ಚಿಪ್ಪೇ ಬೇರೆ ಬೇಕು.

ಆದರೆ ಪೂರ್ತಿ ಬಾಗಿಲು ಮುಚ್ಚಿಲ್ಲ ಅನ್ನೋದೂ ನಿಜ. 2.2ರಲ್ಲಿ ಚಿತ್ರಕ್ಕೆ ಟೈಪ್ 0, ಟೈಪ್ 1 ಅಂತ ಎರಡು ಗುರುತು. ಟೈಪ್ 0 ಆದರೆ ಹಳೆಯ 1.x ಟಿವಿಗೂ ಕಳಿಸಬಹುದು. ಟೈಪ್ 1 ಆದರೆ 2.2 ಇಲ್ಲದ ಸಾಧನಕ್ಕೆ ಕಳಿಸುವಂತಿಲ್ಲ. 4ಕೆ ಸಿನಿಮಾಕ್ಕೆ ಹಾಕೋದು ಟೈಪ್ 1. ಅದಕ್ಕೇ ಎಷ್ಟೋ ಕಡೆ ಪರದೆ ಕಪ್ಪಾಗೋ ಬದಲು ಚಿತ್ರ 1080ಕ್ಕೆ ಇಳಿಯುತ್ತೆ. ದೂರದಿಂದ ನೋಡೋರಿಗೆ ಗೊತ್ತೇ ಆಗಲ್ಲ. 4ಕೆ ಪ್ಲಾನ್‌ಗೆ ದುಡ್ಡು ಕಟ್ಟಿ ವರ್ಷಗಟ್ಟಲೆ 1080 ನೋಡ್ತಿರೋ ಮನೆಗಳು ಎಷ್ಟಿರಬಹುದು ಹೇಳಿ.

ಕಾಫಿತೋಟ, ಸಕಲೇಶಪುರ

ತಂತಿಪುರಾಣ ಸರ್, ನೀವು ಹೇಳಿದ್ದೇ ಸರಿ. ಮ್ಯಾನುಯಲ್‌ನ ಕೊನೆಯ ಪುಟದಲ್ಲಿ ಒಂದೇ ಸಾಲು: ಎಚ್‌ಡಿಎಂಐ 3ರಲ್ಲಿ ಮಾತ್ರ ಎಚ್‌ಡಿಸಿಪಿ 2.2. ಸ್ಟಿಕ್ ಅಲ್ಲಿಗೆ ನೇರ ಹಾಕಿದೆ. ಅಲ್ಟ್ರಾ ಎಚ್‌ಡಿ ಗುರುತು ಬಂತು, ಇನ್ಫೋದಲ್ಲಿ 2160 ತೋರಿಸ್ತು. ಆದರೆ ನನ್ನ ರಿಸೀವರ್ 2012ರದ್ದು. ಎಆರ್‌ಸಿ (ಟಿವಿಯ ಶಬ್ದವನ್ನು ಅದೇ ಕೇಬಲ್‌ನಲ್ಲಿ ರಿಸೀವರ್‌ಗೆ ವಾಪಸ್ ಕಳಿಸೋ ಸೌಲಭ್ಯ) ಇರೋದು ಟಿವಿಯ ಎಚ್‌ಡಿಎಂಐ 2ರಲ್ಲಿ. ಈಗ ಸ್ಪೀಕರ್‌ಗಳಿಗೆ ಶಬ್ದ ಹೇಗೆ ತರೋದು?

ತಂತಿಪುರಾಣ, ಮೈಸೂರು

ಸುಲಭ. ಸ್ಟಿಕ್ 3ರಲ್ಲೇ ಇರಲಿ. ರಿಸೀವರ್‌ನ ಔಟ್‌ನಿಂದ ಬರೋ ಕೇಬಲ್ ಟಿವಿಯ 2ರಲ್ಲೇ ಇರಲಿ. ಎಆರ್‌ಸಿ ಅಂದರೆ ಆ ಪೋರ್ಟ್‌ಗೆ ಚುಚ್ಚಿದ ಸಾಧನದ ಶಬ್ದ ಮಾತ್ರ ಅಂತ ಅಲ್ಲ. ಟಿವಿಯಲ್ಲಿ ಯಾವುದು ಓಡ್ತಿದೆಯೋ ಅದರ ಶಬ್ದ ಆ ಕೇಬಲ್‌ನಲ್ಲಿ ವಾಪಸ್ ಹೋಗುತ್ತೆ. ಟಿವಿಯಲ್ಲೂ ರಿಸೀವರ್‌ನಲ್ಲೂ ಎಆರ್‌ಸಿ ಆನ್ ಮಾಡಿ, ಟಿವಿಯ ಆಡಿಯೊ ಔಟ್ ಅನ್ನು ಬಿಟ್‌ಸ್ಟ್ರೀಮ್ ಅಥವಾ ಡಾಲ್ಬಿ ಡಿಜಿಟಲ್‌ಗೆ ಇಡಿ.

ಒಂದು ತೊಡಕು ಬರಬಹುದು. ಆ ಕಾಲದ ಕೆಲವು ಟಿವಿಗಳು ಎಚ್‌ಡಿಎಂಐನಿಂದ ಬಂದ 5.1 ಶಬ್ದವನ್ನು ಸ್ಟೀರಿಯೊ ಮಾಡಿ ಹೊರಗೆ ಕಳಿಸುತ್ತವೆ. ಹಾಗಾದರೆ ರಿಸೀವರ್ ಬದಲಾಯಿಸೋದು ಒಂದು ದಾರಿ.

ಕಾಫಿತೋಟ, ಸಕಲೇಶಪುರ

5.1 ಬರ್ತಿದೆ ಸರ್. ಮನೆಯವರು ಶಬ್ದ ಕಡಿಮೆ ಮಾಡಿ ಅಂತ ಬೈಯ್ಯೋದೂ ಶುರುವಾಯ್ತು. ತುಂಬಾ ಧನ್ಯವಾದ.

ಬೇಏರಿಯಾ ಬಿಸಿಬೇಳೆ, ಸ್ಯಾನ್ ಹೋಸೆ

ಹಳೆಯ ರಿಸೀವರ್ ಬದಲಾಯಿಸೋಣ ಅಂತ ಸೆಕೆಂಡ್ ಹ್ಯಾಂಡ್ ಹುಡುಕೋರಿಗೆ ಒಂದು ಮಾತು. 2014ರ ಮಾಡೆಲ್‌ಗಳ ಹತ್ತಿರ ಜಾಗ್ರತೆ. ಆ ವರ್ಷ ಕೆಲವು ಕಂಪನಿಗಳು ಸೆಕೆಂಡಿಗೆ 18 ಗಿಗಾಬಿಟ್ ಹೋಗೋ ಚಿಪ್ ಹಾಕಿದರು, ಅದಕ್ಕೆ ಎಚ್‌ಡಿಸಿಪಿ 2.2 ಇರಲಿಲ್ಲ. ಇನ್ನು ಕೆಲವರು 2.2 ಇರೋ ಚಿಪ್ ಹಾಕಿದರು, ಅದರಲ್ಲಿ 10.2 ಗಿಗಾಬಿಟ್ ಮಾತ್ರ. ಎರಡೂ ಥರದವರು ಡಬ್ಬದ ಮೇಲೆ ಎಚ್‌ಡಿಎಂಐ 2.0 ಅಂತಲೇ ಬರೆದರು. ಎರಡೂ ಒಟ್ಟಿಗೆ ಬೇಕಾದರೆ 2015ರ ನಂತರದ್ದನ್ನೇ ನೋಡಿ.

ಇಲ್ಲಿ ಅಮೆರಿಕದಲ್ಲಿ ಇದಕ್ಕಿಂತ ಹಳೆಯ ಕಥೆಯೂ ಇದೆ. ಮೊದಮೊದಲ ಎಚ್‌ಡಿ ಟಿವಿಗಳಿಗೆ ಬರೀ ಕಾಂಪೊನೆಂಟ್ ಇನ್‌ಪುಟ್ ಇತ್ತು, ಅದೇ ಕೆಂಪು, ಹಸಿರು, ನೀಲಿ ಮೂರು ಪಿನ್. ಅನಲಾಗ್ ಆದ್ದರಿಂದ ಎಚ್‌ಡಿಸಿಪಿ ಮಾತೇ ಇಲ್ಲ. ಬ್ಲೂ ರೇ ಬಂದ ಮೇಲೆ ಆ ದಾರಿಯನ್ನೂ ನಿಧಾನಕ್ಕೆ ಮುಚ್ಚಿದರು. 2010ರ ಕೊನೆಯ ನಂತರ ತಯಾರಾದ ಪ್ಲೇಯರ್‌ಗಳು ಬ್ಲೂ ರೇ ಸಿನಿಮಾವನ್ನು ಅನಲಾಗ್‌ನಲ್ಲಿ ಸಾದಾ ಎಸ್‌ಡಿಗೆ ಇಳಿಸಿ ಕೊಡಬೇಕಾಯ್ತು. 2013ರ ಕೊನೆಯ ನಂತರದ್ದರಲ್ಲಿ ಅದೂ ಇಲ್ಲ. ನಮ್ಮ ಗೆಳೆಯರ ಬಳಗದಲ್ಲೇ ಒಬ್ಬರು ಅಂಥ ದೊಡ್ಡ ಪ್ರೊಜೆಕ್ಷನ್ ಟಿವಿಯನ್ನು ಕೊನೆಗೆ ಪುಕ್ಕಟೆ ಕೊಟ್ಟರೂ ಯಾರೂ ಒಯ್ಯಲಿಲ್ಲ.

ಯುರೋಪಿನವರು ಈ ವಿಷಯದಲ್ಲಿ ಮೇಲು. 2005ರ ಜನವರಿಯಲ್ಲೇ "ಎಚ್‌ಡಿ ರೆಡಿ" ಅಂತ ಒಂದು ಲಾಂಛನ ತಂದು, ಅದನ್ನು ಅಂಟಿಸಬೇಕಾದರೆ ಡಿವಿಐ (ಎಚ್‌ಡಿಎಂಐಗಿಂತ ಹಳೆಯ ಕನೆಕ್ಟರ್) ಅಥವಾ ಎಚ್‌ಡಿಎಂಐನಲ್ಲಿ ಎಚ್‌ಡಿಸಿಪಿ ಇರಲೇಬೇಕು ಅಂತ ಮಾಡಿದರು. ಕೊಳ್ಳೋರಿಗೆ ಒಂದು ಸ್ಟಿಕರ್ ನೋಡಿದರೆ ಸಾಕಿತ್ತು. 4ಕೆ ಶುರುವಾದಾಗ ಅಂಥದ್ದೊಂದು ಎಲ್ಲ ಕಡೆಯೂ ಇದ್ದಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಜಾಯ್‌ಸ್ಟಿಕ್ ಜಾಣ, ದಾವಣಗೆರೆ

ಮನೆಯಲ್ಲಿ ಗೇಮ್ ಕನ್ಸೋಲ್ ಇದ್ದರೆ ಬೇರೆ ಪರೀಕ್ಷೆ ಬೇಕಾಗಿಲ್ಲ. ಪ್ಲೇಸ್ಟೇಷನ್ 5ರಲ್ಲಿ ಸ್ಕ್ರೀನ್ ಆ್ಯಂಡ್ ವಿಡಿಯೊ ಸೆಟ್ಟಿಂಗ್ ಒಳಗೆ ವಿಡಿಯೊ ಔಟ್‌ಪುಟ್ ಮಾಹಿತಿ ಅಂತ ಇದೆ. ಅಲ್ಲಿ ಈಗ ಚುಚ್ಚಿರೋ ಪೋರ್ಟ್‌ನ ಎಚ್‌ಡಿಸಿಪಿ ವರ್ಷನ್ ನೇರವಾಗಿ ಬರೆದಿರುತ್ತೆ. ಪಿಎಸ್4 ಪ್ರೊದಲ್ಲೂ ಇದೆ. ಎಕ್ಸ್‌ಬಾಕ್ಸ್‌ನಲ್ಲಿ 4ಕೆ ಟಿವಿ ವಿವರ ಅನ್ನೋ ಪುಟ ತೆರೆದರೆ ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಗುರುತು ಹಾಕಿ ತೋರಿಸುತ್ತೆ. ಪಕ್ಕದ ಮನೆಯ ಹುಡುಗನ ಕನ್ಸೋಲ್ ಹತ್ತು ನಿಮಿಷ ಎರವಲು ತಂದರೂ ಸಾಕು.

ಆ್ಯಂಡ್ರಾಯ್ಡ್ ಬಾಕ್ಸ್ ಇದ್ದರೆ ಡಿಆರ್‌ಎಂ ಇನ್ಫೋ ಅನ್ನೋ ಆ್ಯಪ್ ಹಾಕಿ. ಬಾಕ್ಸ್‌ನ ಗರಿಷ್ಠ ಎಚ್‌ಡಿಸಿಪಿ ಎಷ್ಟು, ಈಗ ಸಿಕ್ಕಿರೋದು ಎಷ್ಟು, ಎರಡನ್ನೂ ತೋರಿಸುತ್ತೆ. ಎರಡನೆಯದನ್ನು ನೋಡಿ. ಮೊದಲನೆಯದು ಬಾಕ್ಸ್‌ನ ಯೋಗ್ಯತೆ ಮಾತ್ರ, ಟಿವಿಯದ್ದಲ್ಲ.

ನನ್ನದೂ ಒಂದು ಪ್ರಶ್ನೆ. ಕ್ಯಾಪ್ಚರ್ ಕಾರ್ಡ್‌ನಲ್ಲಿ ಗೇಮ್ ರೆಕಾರ್ಡ್ ಮಾಡೋಕೆ ಹೋದರೆ ಪರದೆ ಕಪ್ಪು. ಸ್ಪ್ಲಿಟರ್ (ಒಂದು ಸಿಗ್ನಲ್ ಅನ್ನು ಎರಡು ಕಡೆ ಹಂಚೋ ಪೆಟ್ಟಿಗೆ) ಹಾಕಿದರೆ ಎಚ್‌ಡಿಸಿಪಿ ಹೋಗುತ್ತೆ ಅಂತ ಒಬ್ಬರು ಹೇಳಿದರು. ಯಾವ ಸ್ಪ್ಲಿಟರ್?

ನಿರ್ವಾಹಕರು

ರಕ್ಷಣೆ ಕಿತ್ತುಹಾಕೋ ಪೆಟ್ಟಿಗೆಗಳ ಹೆಸರು, ಕೊಂಡಿ ಇಲ್ಲಿ ಬೇಡ. 2012ರ ತಿದ್ದುಪಡಿಯಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಸೇರಿದೆ. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ತಪ್ಪಿಸಿದರೆ 2 ವರ್ಷದವರೆಗೆ ಜೈಲು, ದಂಡ. ಉದ್ದೇಶ ಯಾವುದು ಅಂತ ನಾವು ಇಲ್ಲಿ ಕೂತು ತೀರ್ಮಾನಿಸೋಕಾಗಲ್ಲ. ಉಳಿದ ಚರ್ಚೆ ಮುಂದುವರಿಸಿ.

ತಂತಿಪುರಾಣ, ಮೈಸೂರು

ಜಾಣ, ನಿನಗೆ ಸ್ಪ್ಲಿಟರ್ ಬೇಕಾಗೇ ಇಲ್ಲ. ಪಿಎಸ್4, ಪಿಎಸ್5 ಎರಡರಲ್ಲೂ ಸಿಸ್ಟಂ ಸೆಟ್ಟಿಂಗ್‌ನಲ್ಲಿ "ಎಚ್‌ಡಿಸಿಪಿ ಸಕ್ರಿಯಗೊಳಿಸಿ" ಅಂತ ಇದೆ. ಅದನ್ನು ಆಫ್ ಮಾಡು. ಗೇಮ್ ರೆಕಾರ್ಡ್ ಆಗುತ್ತೆ. ಆಗ ಒಟಿಟಿ ಆ್ಯಪ್‌ಗಳು ಓಡಲ್ಲ, ಸಿನಿಮಾ ನೋಡುವಾಗ ಮತ್ತೆ ಆನ್ ಮಾಡ್ಕೊ. ಕಂಪನಿಯೇ ಕೊಟ್ಟ ದಾರಿ ಇದು.

ಸಾಫ್ಟ್‌ವೇರ್ ಸೊಸೆ, ಬೆಂಗಳೂರು

ಲ್ಯಾಪ್‌ಟಾಪ್‌ನಿಂದ ಟಿವಿಗೆ ಹಾಕೋರಿಗೆ ಏನಾದರೂ ಪರೀಕ್ಷೆ ಇದೆಯಾ? ವರ್ಕ್ ಫ್ರಂ ಹೋಮ್‌ಗೆ ಅಂತ ನನ್ನ ಟೇಬಲ್ ಮೇಲೆ ಒಂದು ಹಳೆಯ ಮಾನಿಟರ್ ಕೂಡ ಇದೆ. ಎರಡೂ ಚುಚ್ಚಿದಾಗ ಟಿವಿಯಲ್ಲಿ ಸಿನಿಮಾ ಮಂಕಾಗುತ್ತೆ. ಮಾನಿಟರ್ ತೆಗೆದರೆ ಸರಿ. ನನ್ನ ಭ್ರಮೆ ಅಂತ ಮನೆಯವರು ನಗ್ತಾರೆ.

ತಂತಿಪುರಾಣ, ಮೈಸೂರು

ಭ್ರಮೆ ಅಲ್ಲ ಮೇಡಂ. ವಿಂಡೋಸ್‌ನಲ್ಲಿ ನೆಟ್‌ಫ್ಲಿಕ್ಸ್ 4ಕೆ ಕೊಡಬೇಕಾದರೆ ಆ ಹೊತ್ತಿಗೆ ಚಾಲೂ ಇರೋ ಎಲ್ಲಾ ಪರದೆಗಳಿಗೂ ಎಚ್‌ಡಿಸಿಪಿ 2.2 ಇರಬೇಕು. ಹಳೆಯ ಮಾನಿಟರ್‌ನಲ್ಲಿ ನೀವು ಸಿನಿಮಾ ನೋಡದೇ ಇದ್ದರೂ ಅದು ಲೆಕ್ಕಕ್ಕೆ ಬರುತ್ತೆ. ಮನೆಯವರನ್ನು ಕೂರಿಸಿ ಮಾನಿಟರ್ ಚುಚ್ಚಿ, ತೆಗೆದು ತೋರಿಸಿ.

ಎನ್‌ವಿಡಿಯಾ ಕಾರ್ಡ್ ಇದ್ದರೆ ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಚ್‌ಡಿಸಿಪಿ ಸ್ಥಿತಿ ನೋಡೋ ಜಾಗ ಇದೆ. ಪ್ರತಿ ಪರದೆಗೂ ಬೇರೆಬೇರೆಯಾಗಿ ಹೇಳುತ್ತೆ. ಎಚ್‌ಡಿಎಂಐಯಿಂದ ವಿಜಿಎ ಮಾಡೋ ಕೊಂಡಿ ಹಾಕಿದ್ದರೆ ಆ ಪರದೆಯಲ್ಲಿ ರಕ್ಷಿತ ಸಿನಿಮಾ ಬರುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಡಿವಿಐ ಮಾಡೋ ಸಾದಾ ಕೊಂಡಿ ಪರವಾಗಿಲ್ಲ, ಆದರೆ ಮಾನಿಟರ್‌ಗೆ ಎಚ್‌ಡಿಸಿಪಿ ಇರಬೇಕು. ತೀರಾ ಹಳೆಯ ಡಿವಿಐ ಮಾನಿಟರ್‌ಗಳಿಗೆ ಇರಲಿಲ್ಲ.

ಎರಡು ರೂಮು ಒಂದು ಬಾಕ್ಸ್, ತುಮಕೂರು

ನಮ್ಮದು ಬಡವರ ಪ್ರಶ್ನೆ. 4ಕೆ ಎಲ್ಲ ಇಲ್ಲ. ಒಂದು ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ ಸ್ಪ್ಲಿಟರ್, ಹಾಲ್‌ನಲ್ಲಿ ಹೊಸ ಟಿವಿ, ಅಮ್ಮನ ರೂಮಿನಲ್ಲಿ ತೀರಾ ಹಳೆಯ ಎಲ್‌ಸಿಡಿ. ಅಮ್ಮನ ಟಿವಿಯಲ್ಲಿ ಎಚ್‌ಡಿ ಚಾನೆಲ್ ಹಾಕಿದರೆ ಒಮ್ಮೊಮ್ಮೆ ಬಣ್ಣಬಣ್ಣದ ಚುಕ್ಕಿ, ಒಮ್ಮೊಮ್ಮೆ ಪೂರ್ತಿ ಕಪ್ಪು. ಸ್ಪ್ಲಿಟರ್ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ. ಅಷ್ಟರಲ್ಲಿ ಅಮ್ಮನ ಧಾರಾವಾಹಿ ಮುಗಿದಿರುತ್ತೆ.

ತಂತಿಪುರಾಣ, ಮೈಸೂರು

ಬಡವರದ್ದೇನು, ಇದೇ ನಮ್ಮ ಊರುಗಳಲ್ಲಿ ಜಾಸ್ತಿ ಕಾಣೋ ತೊಂದರೆ.

ಎಚ್‌ಡಿ ಬಾಕ್ಸ್‌ಗೆ ಎಚ್‌ಡಿಸಿಪಿ 1.4 ಸಾಕು, 2.2 ಬೇಕಿಲ್ಲ. ಬಣ್ಣದ ಚುಕ್ಕಿ ಅಂದ್ರಲ್ಲ, ಅದೇ ಸುಳಿವು. ಬೀಗ ಹಾಕಿದ ಚಿತ್ರ ಟಿವಿಗೆ ತಲುಪಿದೆ, ಬಿಚ್ಚೋದರಲ್ಲಿ ತಾಳ ತಪ್ಪಿದೆ. ಎಚ್‌ಡಿಸಿಪಿ ಒಮ್ಮೆ ಕೈಕುಲುಕಿ ಮುಗಿಸಲ್ಲ. 1.xನಲ್ಲಿ 128 ಫ್ರೇಮ್‌ಗೊಮ್ಮೆ, ಅಂದರೆ ಸುಮಾರು ಎರಡು ಸೆಕೆಂಡಿಗೊಮ್ಮೆ, ಎರಡೂ ಕಡೆ ಲೆಕ್ಕ ತಾಳೆ ನೋಡ್ತಾರೆ. ತಾಳೆ ಆಗದಿದ್ದರೆ ಮತ್ತೆ ಮೊದಲಿಂದ.

ಸ್ಪ್ಲಿಟರ್ ಅನ್ನೋದು ಎಚ್‌ಡಿಸಿಪಿ ಲೆಕ್ಕದಲ್ಲಿ ರಿಪೀಟರ್. ತನ್ನ ಹಿಂದೆ ಯಾರ‍್ಯಾರಿದ್ದಾರೆ ಅಂತ ಬಾಕ್ಸ್‌ಗೆ ಪಟ್ಟಿ ಕೊಡಬೇಕು. ಅಗ್ಗದ್ದು ಈ ಕೆಲಸ ಅರ್ಧಂಬರ್ಧ ಮಾಡುತ್ತೆ. ಹಾಲ್‌ನ ಟಿವಿ ಆಫ್ ಮಾಡಿದ ಕೂಡಲೇ ಪಟ್ಟಿ ಬದಲಾಗುತ್ತೆ, ಅಮ್ಮನ ರೂಮಿನಲ್ಲಿ ಪರದೆ ಕಪ್ಪಾಗುತ್ತೆ. ಒಮ್ಮೆ ಗಮನಿಸಿ ನೋಡಿ, ಕಪ್ಪಾಗೋದು ಹಾಲ್‌ನವರು ಟಿವಿ ಆನ್ ಅಥವಾ ಆಫ್ ಮಾಡಿದಾಗಲೇ ಇರಬೇಕು.

ಮೊದಲು ಸ್ಪ್ಲಿಟರ್ ಬಿಟ್ಟು ಬಾಕ್ಸ್ ಅನ್ನು ನೇರವಾಗಿ ಅಮ್ಮನ ಟಿವಿಗೆ ಹಾಕಿ ಒಂದು ಸಂಜೆ ನೋಡಿ. ಚೆನ್ನಾಗಿ ಓಡಿದರೆ ಟಿವಿ ಸರಿ ಇದೆ, ದೋಷ ಸ್ಪ್ಲಿಟರ್‌ದು ಅಥವಾ ರೂಮಿಗೆ ಎಳೆದ ಉದ್ದ ಕೇಬಲ್‌ದು. ನೇರ ಹಾಕಿದರೂ ಕಪ್ಪು ಅಂದರೆ ಆ ಟಿವಿಯ ಆ ಪೋರ್ಟ್ ಆಗಲ್ಲ, ಇನ್ನೊಂದು ಪೋರ್ಟ್ ನೋಡಿ.

ಇದ್ಯಾವುದೂ ಬೇಡ ಅಂದರೆ, ನಿಮ್ಮ ಬಾಕ್ಸ್ ಹಿಂದೆ ಹಳದಿ, ಕೆಂಪು, ಬಿಳಿ ಎವಿ ಪಿನ್ ಇದೆಯಾ ನೋಡಿ. ಇದ್ದರೆ ಅಮ್ಮನ ರೂಮಿಗೆ ಅದರಲ್ಲಿ ಎಳೆಯಿರಿ. ಅನಲಾಗ್‌ಗೆ ಎಚ್‌ಡಿಸಿಪಿ ಇಲ್ಲ. ಚಿತ್ರ ಸ್ವಲ್ಪ ಮಸುಕು. ಧಾರಾವಾಹಿಗೆ ಸಾಕು.

ಎರಡು ರೂಮು ಒಂದು ಬಾಕ್ಸ್, ತುಮಕೂರು

ಎವಿ ಪಿನ್ ಇದೆ. ಇವತ್ತೇ ತಂತಿ ತರ್ತೀನಿ. ಅಮ್ಮ ನಿಮಗೆ ಒಳ್ಳೇದಾಗಲಿ ಅಂದರು.

ಕರಾವಳಿ ಕೊಡೆ, ಉಡುಪಿ

ಸೆಕೆಂಡ್ ಹ್ಯಾಂಡ್ 4ಕೆ ಟಿವಿ ತಗೊಳ್ಳೋಕೆ ಹೊರಟಿದ್ದೇನೆ. ಮಾರೋರ ಮನೆಯಲ್ಲಿ ಏನು ನೋಡಬೇಕು?

ಬೇಏರಿಯಾ ಬಿಸಿಬೇಳೆ, ಸ್ಯಾನ್ ಹೋಸೆ

ನಿಮ್ಮ ಸ್ಟಿಕ್ ನೀವೇ ಒಯ್ಯಿರಿ. ಫೋನ್‌ನ ಹಾಟ್‌ಸ್ಪಾಟ್ ಹಾಕಿ ನಿಮ್ಮ ಖಾತೆಯಿಂದಲೇ ಒಂದು 4ಕೆ ಸಿನಿಮಾ ಓಡಿಸಿ. ಟಿವಿಯೊಳಗಿನ ಆ್ಯಪ್‌ನಲ್ಲಿ 4ಕೆ ತೋರಿಸಿದರೆ ನಂಬಬೇಡಿ, ಅದು ಎಚ್‌ಡಿಎಂಐ ದಾಟಿ ಬರೋದೇ ಇಲ್ಲ, ಹಾಗಾಗಿ ಪೋರ್ಟ್ ಬಗ್ಗೆ ಏನೂ ಹೇಳಲ್ಲ. ಯೂಟ್ಯೂಬ್ 4ಕೆ ಓಡಿದರೂ ಸಾಲದು. ಅಲ್ಲಿನ ಸಾಮಾನ್ಯ ವಿಡಿಯೊಗಳಿಗೆ 2.2 ಕೇಳೋದು ಕಡಿಮೆ. ಮತ್ತೆ, ಒಂದು ಪೋರ್ಟ್‌ನಲ್ಲಿ ಬಂತು ಅಂತ ಎದ್ದು ಬರಬೇಡಿ. ಸ್ಟಿಕ್ ಒಂದು, ಸೆಟ್‌ಟಾಪ್ ಒಂದು, ಮುಂದೆ ಗೇಮ್ ಬಂದರೆ ಇನ್ನೊಂದು. ಎಲ್ಲಾ ಪೋರ್ಟ್ ನೋಡಿ.

ಜೊತೆಗೆ ಆ ಪೋರ್ಟ್‌ನ ಸೆಟ್ಟಿಂಗ್. ಸೋನಿಯಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್, ಎಲ್‌ಜಿಯಲ್ಲಿ ಅಲ್ಟ್ರಾ ಎಚ್‌ಡಿ ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಯುಎಚ್‌ಡಿ ಕಲರ್ ಅಥವಾ ಇನ್‌ಪುಟ್ ಸಿಗ್ನಲ್ ಪ್ಲಸ್. ಕೆಲವು ಟಿವಿಗಳು ಇದನ್ನು ಆಫ್ ಇಟ್ಟೇ ಕಾರ್ಖಾನೆಯಿಂದ ಬರುತ್ತವೆ. ಆನ್ ಮಾಡದೇ "ಈ ಟಿವಿ ಆಗಲ್ಲ" ಅಂತ ಬಿಟ್ಟು ಬಂದರೆ ಒಳ್ಳೆಯ ಟಿವಿ ಕೈತಪ್ಪುತ್ತೆ.

ಕರಾವಳಿ ಕೊಡೆ, ಉಡುಪಿ

ಮಾರೋರು ಬೇಜಾರು ಮಾಡ್ಕೊಳ್ಳಲ್ವಾ ಇಷ್ಟೆಲ್ಲ ನೋಡಿದರೆ?

ಹುಬ್ಬಳ್ಳಿ ಮಿರ್ಚಿ

ಮಾಡ್ಕೊಂಡರೆ ಮಾಡ್ಕೊಳ್ಳಲಿ ಬಿಡ್ರಿ. ದುಡ್ಡು ಕೊಡೋರು ನೀವು.

ಅಪಾರ್ಟ್‌ಮೆಂಟ್ ಸೆಕ್ರೆಟರಿ, ವೈಟ್‌ಫೀಲ್ಡ್

ಗಣೇಶನ ಹಬ್ಬಕ್ಕೆ ಎಲ್‌ಇಡಿ ವಾಲ್ ಬಾಡಿಗೆಗೆ ತಂದಿದ್ದೆವು. ಮಕ್ಕಳ ಡ್ಯಾನ್ಸ್ ವಿಡಿಯೊ ಪೆನ್‌ಡ್ರೈವ್‌ನಿಂದ ಚೆನ್ನಾಗಿ ಬಂತು. ಅದೇ ಗೋಡೆ ಮತ್ತೆ ತರಿಸಿ ಐಪಿಎಲ್ ಫೈನಲ್ ಹಾಕೋಣ ಅಂತ ಕಮಿಟಿಯವರ ಆಸೆ. ಸ್ಟಿಕ್ ಹಾಕಿ ನೋಡಿದರೆ ಮೆನು ಬಂತು, ಮ್ಯಾಚ್ ಬರಲಿಲ್ಲ.

ತಂತಿಪುರಾಣ, ಮೈಸೂರು

ಎಲ್‌ಇಡಿ ವಾಲ್‌ನ ಪ್ರೊಸೆಸರ್‌ಗಳಲ್ಲಿ ಎಚ್‌ಡಿಸಿಪಿ ಇಲ್ಲದವು ಬಹಳ. ಸ್ಟೇಜ್ ಕಾರ್ಯಕ್ರಮ, ಮದುವೆ ಲೈವ್ ಇಂಥದ್ದಕ್ಕೆ ಮಾಡಿದ್ದು, ಅಲ್ಲಿ ಬರೋದು ಕ್ಯಾಮೆರಾ ಸಿಗ್ನಲ್. ಬಾಡಿಗೆ ಕೊಡೋರಿಗೆ "ಪ್ರೊಸೆಸರ್‌ನ ಎಚ್‌ಡಿಎಂಐ ಇನ್‌ಪುಟ್‌ಗೆ ಎಚ್‌ಡಿಸಿಪಿ ಇದೆಯಾ, ಎಷ್ಟು ವರ್ಷನ್" ಅಂತ ಮಾಡೆಲ್ ಸಮೇತ ಮೊದಲೇ ಕೇಳಿ. ನೇರ ಪ್ರಸಾರಕ್ಕೆ 1.4 ಸಿಕ್ಕರೂ ಸಾಮಾನ್ಯವಾಗಿ 1080ರಲ್ಲಿ ನಡೆಯುತ್ತೆ.

ಅದಕ್ಕಿಂತ ಮುಂಚೆ ಇನ್ನೊಂದು. ಮನೆಯ ಒಟಿಟಿ ಖಾತೆ ಸ್ವಂತ ಬಳಕೆಗೆ ಕೊಟ್ಟಿರೋದು. ನೂರಾರು ಜನರಿಗೆ ತೋರಿಸೋದಕ್ಕೆ ಅನುಮತಿ ಬೇರೆ ಬೇಕಾಗುತ್ತೆ. ಕಮಿಟಿಯಲ್ಲಿ ವಕೀಲರು ಯಾರಾದರೂ ಇದ್ದರೆ ಅವರನ್ನು ಕೇಳಿ ಮುಂದುವರಿಯಿರಿ.

ಗೋಡೆ ಸಿನಿಮಾ, ಶಿವಮೊಗ್ಗ

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕ ಪ್ರೊಜೆಕ್ಟರ್. "4ಕೆ ಸಪೋರ್ಟೆಡ್" ಅಂತ ಬರೆದಿತ್ತು. ಅದರೊಳಗಿನ ಆ್ಯಪ್‌ನಲ್ಲಿ ಸಿನಿಮಾ ತೀರಾ ಮಸುಕು. ಇದೂ ಎಚ್‌ಡಿಸಿಪಿ ಕಾಟವೇನಾ?

ಜಾಯ್‌ಸ್ಟಿಕ್ ಜಾಣ, ದಾವಣಗೆರೆ

ಅಲ್ಲ ಅಣ್ಣ. ಒಳಗಿನ ಆ್ಯಪ್ ಅಂದರೆ ಎಚ್‌ಡಿಎಂಐ ಇಲ್ಲ, ಎಚ್‌ಡಿಸಿಪಿಯೂ ಇಲ್ಲ. ಅಲ್ಲಿ ನೋಡಬೇಕಾದ್ದು ವೈಡ್‌ವೈನ್, ಅಂದರೆ ಆ್ಯಪ್‌ನೊಳಗೇ ಸಿನಿಮಾಕ್ಕೆ ಹಾಕೋ ಬೀಗ. ಅದೇ ಡಿಆರ್‌ಎಂ ಇನ್ಫೋ ಆ್ಯಪ್‌ನಲ್ಲಿ ಎಲ್1 ಇದೆಯಾ ಎಲ್3 ಇದೆಯಾ ನೋಡಿ. ಎಲ್3 ಅಂದರೆ ಹೆಚ್ಚಿನ ಒಟಿಟಿಗಳು ಎಸ್‌ಡಿ ಮಾತ್ರ ಕೊಡ್ತಾರೆ. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಎಲ್3 ಇರೋದೇ ಜಾಸ್ತಿ. ಒಳ್ಳೆಯ ಸ್ಟಿಕ್ ಒಂದನ್ನು ಅದರ ಎಚ್‌ಡಿಎಂಐಗೆ ಹಾಕಿದರೆ ಆ ತೊಂದರೆ ತಪ್ಪುತ್ತೆ. ಆಗ ಎಚ್‌ಡಿಸಿಪಿ ಪ್ರಶ್ನೆ ಶುರುವಾಗುತ್ತೆ, ಅದಕ್ಕೆ ಮೇಲೆ ತಂತಿಪುರಾಣ ಸರ್ ಹೇಳಿರೋದನ್ನೇ ಮಾಡಿ.

"4ಕೆ ಸಪೋರ್ಟೆಡ್" ಅಂದರೆ 4ಕೆ ಸಿಗ್ನಲ್ ಒಳಗೆ ತಗೊಳ್ಳುತ್ತೆ ಅಂತ ಅಷ್ಟೇ, ಗೋಡೆ ಮೇಲೆ 4ಕೆ ಬೀಳುತ್ತೆ ಅಂತಲ್ಲ. ಒಳಗಿನ ಪ್ಯಾನೆಲ್ 720ರದ್ದೂ ಇರಬಹುದು. ನೇಟಿವ್ ರೆಸಲ್ಯೂಷನ್ ಎಷ್ಟು ಅಂತ ಡಬ್ಬದ ಮೇಲೆ ಹುಡುಕಿ ಇಲ್ಲಿ ಹಾಕಿ. 720 ಅಂದರೆ 2.2 ಹಿಂದೆ ಓಡೋದೇ ಬೇಡ, 1.4 ಸಾಕು.